ಅಪ್ಪನ ಬೀಸುಬಲೆಗೆ ಅರವತ್ತೊಂದು ಸೀಸದ ಗುಂಡು

ಅಪ್ಪನ ಬೀಸುಬಲೆ ನಾಲ್ಕು ವರ್ಷದಿಂದ ಅಟ್ಟದ ಮೇಲೆ ಗೋಣಿಚೀಲದೊಳಗೆ ಬಿದ್ದಿತ್ತು. ಈ ಏಪ್ರಿಲ್‌ನಲ್ಲಿ ಕೆಳಗಿಳಿಸಿ ಅಂಗಳದಲ್ಲಿ ಹರಡಿದೆ. ನೂಲು ಗಟ್ಟಿಯಾಗೇ ಇತ್ತು. ನೈಲಾನ್ ಅಲ್ವಾ, ಇಲಿ ಕಡಿದ ಮೂರು ಜಾಗ ಬಿಟ್ಟರೆ ಬೇರೆ ತೊಂದರೆ ಇಲ್ಲ. ಆದರೆ ಅಂಚಿನ ಹಗ್ಗ ನೋಡಿದರೆ ಹಲ್ಲು ಉದುರಿದ ಬಾಯಿ. ಸೀಸದ ಗುಂಡುಗಳು ಅಲ್ಲಲ್ಲಿ ಕಾಣೆಯಾಗಿದ್ದವು.

ಬಲೆ ನಡುವಿನಿಂದ ಅಂಚಿಗೆ ಮೂರು ಮೀಟರ್. ಹರಡಿದರೆ ಸುತ್ತಳತೆ ಹತ್ತೊಂಬತ್ತು ಮೀಟರಿಗೆ ಸ್ವಲ್ಪ ಕಮ್ಮಿ. ಹತ್ತು ಸೆಂಟಿಮೀಟರಿಗೆ ಒಂದು ಗುಂಡು ಅಂದರೆ 188 ಇರಬೇಕು. ಎಣಿಸಿದರೆ 127. ಅಂದರೆ 61 ಇಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ, ಅದೂ 61 ದಿನ. ಹೊಳೆಬದಿ ಬೀಸುಬಲೆಗೆ ಮೀನಿನ ಆಸೆ ಜಾಸ್ತಿಯಾಗುವ ಕಾಲವೂ ಅದೇ. ಅಷ್ಟರೊಳಗೆ ಬಲೆ ರೆಡಿ ಮಾಡಬೇಕು ಅಂತ ಕೂತೆ.

ಗುಂಡು ಕಮ್ಮಿಯಾದರೆ ಏನಾಗುತ್ತೆ ಅಂತ ಬಲೆ ಬೀಸದವರು ಕೇಳಬಹುದು. ಬಲೆ ಗಾಳಿಯಲ್ಲಿ ದುಂಡಗೆ ಅರಳಿದರೆ ಸಾಲದು. ಅಂಚು ಎಲ್ಲ ಕಡೆಯೂ ಒಟ್ಟಿಗೆ ತಳ ಮುಟ್ಟಬೇಕು. ಒಂದು ಕಡೆ ಹಗುರವಾದರೆ ಅಲ್ಲಿ ಅಂಚು ನಿಧಾನವಾಗಿ ಇಳಿಯುತ್ತೆ, ಮೀನು ಅದೇ ಬಾಗಿಲಲ್ಲಿ ಹೊರಗೆ. ಕಾಣೆಯಂಥ ಮೀನಂತೂ ಮರಳಿಗೆ ಹೊಟ್ಟೆ ತಾಗಿಸಿಕೊಂಡೇ ಇರುತ್ತೆ. ಅಂಚು ನೆಲಕ್ಕೆ ಅಂಟಿಕೊಳ್ಳದಿದ್ದರೆ ಅದು ಸಿಗುವ ಮಾತೇ ಇಲ್ಲ.

ಅಂಗಡಿಯಲ್ಲಿ ಗುಂಡು ಸಿಗುತ್ತೆ, ದುಬಾರಿಯೇನಲ್ಲ. ಆದರೆ ನನಗೆ ಲೋಹ ಕರಗಿಸುವ ಹುಚ್ಚು ಎರಡು ವರ್ಷದಿಂದ ತಲೆಯಲ್ಲಿತ್ತು. ಅದಕ್ಕೆ ಕಾರಣ ಅಮೆರಿಕದ ಹವ್ಯಾಸಿಗಳು. ಅಲ್ಲಿ ಜನ ಗ್ಯಾರೇಜಿನಲ್ಲಿ ಕೂತು ತಮ್ಮ ಬಂದೂಕಿಗೆ ತಾವೇ ಸೀಸದ ಬುಲೆಟ್ ಎರಕ ಹೊಯ್ಯುತ್ತಾರೆ. ಕೆಲವರು ಎರಕವನ್ನೂ ಬಿಟ್ಟು, ತಣ್ಣಗಿನ ಸೀಸವನ್ನೇ ಉಕ್ಕಿನ ಅಚ್ಚಿನಲ್ಲಿ ಒತ್ತಿ ಆಕಾರ ಕೊಡುತ್ತಾರೆ. ಅದಕ್ಕೆ ಸ್ವೇಜಿಂಗ್ ಅಂತ ಹೆಸರು. ಆರ್‌ಸಿಬಿಎಸ್ ಅನ್ನುವ ದೊಡ್ಡ ಕಂಪನಿಯ ಹೆಸರಿನಲ್ಲೇ ಅದು ಇದೆ: ರಾಕ್ ಚಕ್ ಬುಲೆಟ್ ಸ್ವೇಜ್. 1943ರಲ್ಲಿ, ಯುದ್ಧದ ಸಮಯ, ಬುಲೆಟ್ ಸಿಗುತ್ತಿರಲಿಲ್ಲ. ಫ್ರೆಡ್ ಹಂಟಿಂಗ್‌ಟನ್ ಎಂಬಾತ ಬಳಸಿ ಬಿಸಾಡಿದ ಸಣ್ಣ ತೋಟಾದ ಹಿತ್ತಾಳೆ ಕೋಶವನ್ನೇ ಬುಲೆಟ್ಟಿನ ಹೊರಕವಚ ಮಾಡುವ ಅಚ್ಚು ತಯಾರಿಸಿದ. ರಾಕ್ ಚಕ್ ಅಂದರೆ ಅವನು ಬೇಟೆಯಾಡುತ್ತಿದ್ದ, ಬಿಲದಲ್ಲಿರುವ ಒಂದು ದಪ್ಪ ಪ್ರಾಣಿ.

ನಮ್ಮಲ್ಲಿ ಆ ಹವ್ಯಾಸಕ್ಕೆ ದಾರಿಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ನನಗೂ ಬಂದೂಕಿನ ಆಸೆ ಇಲ್ಲ. ಆದರೆ ಸೀಸ ಸೀಸವೇ. ಅವರು ಕಲಿತದ್ದನ್ನು ಬಲೆಯ ಗುಂಡಿಗೆ ಹಾಕೋಣ ಅಂತ ಹೊರಟೆ. ಅಲ್ಲೇ ನಾನು ಎಡವಿದ್ದು. ಅದು ಆಮೇಲೆ ಹೇಳುತ್ತೇನೆ.

ಮೊದಲು ಸೀಸ ಬೇಕಲ್ಲ. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡುವಾಗ ಕಿತ್ತ ತೂಕಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟಿರುತ್ತಾರೆ. ಮೂರು ಕಿಲೋ ಕೊಟ್ಟರು. ಎಲ್ಲವೂ ಸೀಸವಲ್ಲ. ಈಗ ಕಬ್ಬಿಣದ್ದೂ ಸತುವಿನದ್ದೂ ಸೇರಿಕೊಂಡಿರುತ್ತವೆ. ಕೆಲವದರ ಮೇಲೆ ಪಿಬಿ (ಸೀಸ), ಝಡ್ಎನ್ (ಸತು), ಎಫ್ಇ (ಕಬ್ಬಿಣ) ಅಂತ ಅಚ್ಚೊತ್ತಿರುತ್ತದೆ. ಅಚ್ಚು ಇಲ್ಲದಿದ್ದರೆ ಸಿಮೆಂಟ್ ನೆಲಕ್ಕೆ ಬೀಳಿಸಿ ಕೇಳಬೇಕು. ಸತು ಟಿಣ್ ಅನ್ನುತ್ತೆ, ಸೀಸ ದಪ್ ಅನ್ನುತ್ತೆ. ಅನುಮಾನ ಇದ್ದರೆ ಕಟಿಂಗ್ ಪ್ಲೇಯರ್‌ನಲ್ಲಿ ಕಚ್ಚಿ ನೋಡಿ. ಸೀಸಕ್ಕೆ ಹಲ್ಲು ಇಳಿಯುತ್ತೆ, ಸತು ಜಗ್ಗಲ್ಲ.

ಈ ವಿಂಗಡಣೆಗೆ ಅರ್ಧ ದಿನ ಹೋಯಿತು. ಸುಮ್ನೆ ಎಲ್ಲ ಒಟ್ಟಿಗೆ ಸುರಿಯೋಣ ಅಂತ ಅನ್ನಿಸುತ್ತೆ, ಆದರೆ ಸುರಿಯಬಾರದು. ಸೀಸ ಕರಗುವುದು 327 ಡಿಗ್ರಿಗೆ, ಸತು 419ಕ್ಕೆ. ಬೆಂಕಿ ಹದದಲ್ಲಿದ್ದರೆ ತಪ್ಪಿ ಸೇರಿದ ಸತು ಮೇಲೆ ತೇಲುತ್ತೆ, ಸೌಟಿನಲ್ಲಿ ಕೂಡಲೇ ಎತ್ತಿಬಿಡಬಹುದು. ಬಿಸಿ ಜಾಸ್ತಿಯಾಗಿ ಅದೂ ಕರಗಿತೋ, ಇಡೀ ಬಾಣಲೆ ರಾಗಿ ಅಂಬಲಿಯ ಹಾಗೆ ಗಸಿಗಸಿ. ಅಚ್ಚಿಗೆ ಸರಿಯಾಗಿ ಇಳಿಯುವುದೇ ಇಲ್ಲ.

ಬ್ಯಾಟರಿ ಸೀಸ ಯಾಕೆ ಬೇಡ ಅಂತಲೂ ಹೇಳಿಬಿಡುತ್ತೇನೆ. ಗುಜರಿಯಲ್ಲಿ ಸುಲಭವಾಗಿ ಸಿಗುವುದು ಅದೇ. ಆದರೆ ಅದರ ಪ್ಲೇಟಿನಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂ ಇರುತ್ತವೆ. ಕರಗಿಸಿದ ಮೇಲೆ ಉಳಿಯುವ ಕಿಟ್ಟಕ್ಕೆ ನೀರು ತಾಗಿದರೆ ವಿಷಗಾಳಿ ಬರಬಹುದು. ಆಸಿಡ್ ಬೇರೆ. ಮನೆ ಅಂಗಳದ ಕೆಲಸ ಅದಲ್ಲ. ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. ಹಳೇ ಬ್ಯಾಟರಿ ಒಡೆದು ಕರಗಿಸುವವರ ಪಾಡು ಅವರ ಮುಖ್ಯ ಚಿಂತೆಗಳಲ್ಲಿ ಒಂದು.

ಹಾಗಂತ ಚಕ್ರದ ಸೀಸ ಸಾಧು ಅಲ್ಲ. 400 ಡಿಗ್ರಿ ಒಳಗೆ ಹೊಗೆಗಿಂತ ಧೂಳಿನ ಭಯವೇ ಜಾಸ್ತಿ. ಮೇಲೆ ತೇಲುವ ಬೂದಿ ಬಣ್ಣದ ಪುಡಿ ಕೈಗೆ ಅಂಟಿ, ಕೈಯಿಂದ ಬಾಯಿಗೆ ಹೋಗುತ್ತೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಹಾಗಾಗಿ ತಂಗಿಯ ಮಕ್ಕಳು ಊರಲ್ಲಿ ಇಲ್ಲದ ವಾರ ನೋಡಿ ಕೆಲಸ ಇಟ್ಟುಕೊಂಡೆ. ಕೊಟ್ಟಿಗೆ ಆಚೆ, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತೆ. ಪೂರ್ತಿ ತೋಳಿನ ಹಳೇ ಅಂಗಿ, ದಪ್ಪ ಚರ್ಮದ ಕೈಗವಸು, ಕನ್ನಡಕ, ಮಾಸ್ಕ್, ಕಾಲಿಗೆ ಶೂ. ಬಾಣಲೆ ಗುಜರಿಯಿಂದ ತಂದ ಎರಕದ ಕಬ್ಬಿಣದ್ದು, ಅದು ಇನ್ನು ಯಾವತ್ತೂ ಅಡುಗೆಮನೆ ಮೆಟ್ಟಿಲು ಹತ್ತುವ ಹಾಗಿಲ್ಲ. ಕೆಲಸದ ನಡುವೆ ಕಾಫಿ ಇಲ್ಲ, ಎಲೆ ಅಡಿಕೆ ಇಲ್ಲ. ಮುಗಿದ ಮೇಲೆ ಸೋಪಿನಲ್ಲಿ ಕೈ ಮುಖ ತೊಳೆದು, ಬಟ್ಟೆ ಬೇರೆಯಾಗಿ ಒಗೆದುಕೊಂಡೆ.

ಈಗ ಅಚ್ಚಿನ ಕಥೆ. ಇದು ನನಗೆ ಬಹಳ ಖುಷಿ ಕೊಟ್ಟ ಭಾಗ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಅಜ್ಜಿ ಉಪ್ಪಿನಕಾಯಿ ಹಾಕಿಡುತ್ತಿದ್ದ ಕಲ್ಲಿನ ಮರಿಗೆಯೊಂದು ಒಡೆದು ಹಿತ್ತಲಲ್ಲಿ ಬಿದ್ದಿತ್ತು. ಬಳಪದ ಕಲ್ಲು. ಬೇಲೂರು ಹಳೇಬೀಡಿನ ಶಿಲ್ಪಿಗಳು ಅಷ್ಟು ಸಣ್ಣ ಕೆತ್ತನೆ ಮಾಡಿದ್ದು ಈ ಜಾತಿಯ ಮೆತ್ತನೆ ಕಲ್ಲಿನಲ್ಲೇ. ಚಾಕುವಿನಿಂದ ಗೀರಿದರೆ ಗೀರು ಬೀಳುತ್ತೆ, ಹ್ಯಾಕ್ಸಾದಲ್ಲಿ ಕುಯ್ಯಬಹುದು, ಆದರೆ ಬೆಂಕಿಗೆ ಬಿರಿಯುವುದಿಲ್ಲ. ಒಲೆ ಮೇಲಿಟ್ಟು ಸಾರು ಕುದಿಸುವ ಕಲ್ಲು ಅಲ್ವಾ. ಸೀಸದ ಎರಕಕ್ಕೆ ಇದಕ್ಕಿಂತ ಬೇಕಾ?

ಮರಿಗೆಯ ತಳ ಇಪ್ಪತ್ತೈದು ಮಿಲಿಮೀಟರ್ ದಪ್ಪ. ಅದರಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಎರಡು ತುಂಡು ಕುಯ್ದೆ. ನೀರು ಹಾಕಿಕೊಂಡೇ ಕುಯ್ದೆ. ಈ ಕಲ್ಲಿನ ಒಣ ಧೂಳು ಎದೆಗೆ ಒಳ್ಳೆಯದಲ್ಲ. ಕಿಟಕಿಯ ಹಳೇ ಗಾಜಿನ ಮೇಲೆ ನೀರು ಹಾಕಿ ಉಜ್ಜುವ ಮರಳುಕಾಗದ ಇಟ್ಟು ಎರಡೂ ಮುಖ ಉಜ್ಜಿದೆ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಗೆರೆಯಷ್ಟೂ ಬೆಳಕು ಬರಬಾರದು. ಆ ಹದಕ್ಕೆ ಬರಲು ಒಂದು ಸಂಜೆ. ಜಾರದಂತೆ ಎರಡು ಮೊಳೆಯನ್ನು ಗೂಟ ಮಾಡಿದೆ.

ಗುಂಡಿನ ಗೂಡು ಕೊರೆಯುವುದು ಸುಲಭ. ಎರಡು ತುಂಡನ್ನೂ ಒಟ್ಟಿಗೆ ವೈಸ್‌ನಲ್ಲಿ ಬಿಗಿದು, ಜೋಡಣೆಯ ಗೆರೆಯ ಮೇಲೇ ಹತ್ತು ಮಿಲಿಮೀಟರ್ ಡ್ರಿಲ್ ಇಳಿಸಿದರೆ ಆಯಿತು. ಎರಡೂ ಕಡೆ ಅರ್ಧರ್ಧ ಉರುಟು ಗೂಡು ತಾನಾಗೇ ಬರುತ್ತೆ. 24 ಮಿಲಿಮೀಟರ್ ಆಳ. ಬಾಯಿಗೆ ಆಲಿಕೆಯ ಹಾಗೆ ಸ್ವಲ್ಪ ಅಗಲ. ಗಾಳಿ ಹೋಗಲು ಸೂಜಿಯಷ್ಟು ಸಣ್ಣ ಗೀರು ನಾಲ್ಕು. ಹಗ್ಗ ಹೋಗುವ ತೂತಿಗೆ ನಡುವೆ ಒಂದು ಕಡ್ಡಿ ಬೇಕು. 3.15 ಮಿಲಿಮೀಟರ್ ವೆಲ್ಡಿಂಗ್ ರಾಡಿನ ಮೇಲಿನ ಮದ್ದು ಒಡೆದು ತೆಗೆದು, ಕಡ್ಡಿ ನಯ ಮಾಡಿದೆ. ಚಿಮಣಿ ದೀಪದ ಮಸಿ ಹಿಡಿಸಿದರೆ ಸೀಸ ಅಂಟುವುದಿಲ್ಲ.

ಲೆಕ್ಕದ ಪ್ರಕಾರ ಶುದ್ಧ ಸೀಸದಲ್ಲಿ ಒಂದು ಗುಂಡು 19 ಗ್ರಾಂ ಚಿಲ್ಲರೆ. ಅಪ್ಪನ ಹಳೇ ಗುಂಡುಗಳನ್ನು ತೂಗಿದರೆ 17ರಿಂದ 23ರವರೆಗೆ ಮನಸ್ಸಿಗೆ ಬಂದ ಹಾಗೆ ಇದ್ದವು. ತಗಡು ಸುತ್ತಿ ತಟ್ಟಿದ ಗುಂಡುಗಳು. ಕೆಲವದರ ತುದಿಯಲ್ಲಿ ಹಲ್ಲಿನ ಗುರುತು ಇನ್ನೂ ಇತ್ತು. ಕೈಯಲ್ಲಿ ಬಲೆ ಹಿಡಿದಿರುವಾಗ ತುದಿ ಕಚ್ಚಿ ಮಡಚುತ್ತಿದ್ದರು ಅಂತ ಕಾಣುತ್ತೆ. ಸೀಸವನ್ನು ಬಾಯಿಗೆ ಹಾಕಬಾರದು ಅಂತ ಅವರಿಗೆ ಹೇಳಿದವರು ಯಾರು. ಆ ವಕ್ರ ಗುಂಡುಗಳನ್ನು ನೋಡಿ, ನನ್ನದು ಇದಕ್ಕಿಂತ ಎಷ್ಟು ನೀಟಾಗಿ ಬರುತ್ತೆ ಅಂತ ಒಳಗೊಳಗೇ ಬೀಗಿದ್ದೂ ನಿಜ.

ಮೊದಲ ಎರಕ ಮೇ ಮೊದಲ ಭಾನುವಾರ. ಸೀಸ ಕರಗಿ, ಕಬ್ಬಿಣದ ಕ್ಲಿಪ್ಪುಗಳು ಮೇಲೆ ಬಂದವು. ಎತ್ತಿ ಹಾಕಿದೆ. ಒಂದು ತುಂಡು ಮೇಣದಬತ್ತಿ ಹಾಕಿ ಕದಡಿದೆ. ಭಗ್ ಅಂತ ಉರಿ ಎದ್ದು ಇಳಿಯಿತು. ಕಿಟ್ಟ ಒಂದು ಬದಿಗೆ ಸರಿದು ಕೆಳಗೆ ಕನ್ನಡಿಯಂಥ ಸೀಸ ಕಂಡಿತು. ಮಲ್ಟಿಮೀಟರಿನ ತಾಪದ ತಂತಿ 380 ತೋರಿಸುತ್ತಿತ್ತು. ಸೌಟಿನಲ್ಲಿ ತೆಗೆದು ಅಚ್ಚಿಗೆ ಹೊಯ್ದೆ.

ಟಪ್ ಅಂತ ಸದ್ದು. ಸೀಸ ಅಚ್ಚಿನ ಬಾಯಿಂದ ವಾಪಸ್ ಹಾರಿತು.

ಆಗಿದ್ದು ಇಷ್ಟು. ಅಚ್ಚನ್ನು ನೀರಲ್ಲಿ ಕೊರೆದಿದ್ದೆನಲ್ಲ, ಒಂದು ರಾತ್ರಿ ಹೊರಗಿಟ್ಟಿದ್ದೆ, ಒಣಗಿದೆ ಅಂದುಕೊಂಡಿದ್ದೆ. ಕಡ್ಡಿಯ ತೂತಿನ ಬುಡದಲ್ಲಿ ಒಂದು ಹನಿ ಉಳಿದಿತ್ತು. ನೀರು ಆವಿಯಾದರೆ ಸಾವಿರದೇಳುನೂರು ಪಟ್ಟು ಹಿಗ್ಗುತ್ತೆ, ಅದರ ಮೇಲೆ ಸೀಸ ಕೂತಿದ್ದರೆ ಸೀಸವೇ ಹಾರಬೇಕು. ಕನ್ನಡಕದ ಬಲಗಾಜಿನ ಮೇಲೆ, ಸರಿಯಾಗಿ ಕಣ್ಣಿನ ಎದುರಿಗೆ, ಸಾಸಿವೆ ಕಾಳಿನಷ್ಟು ಸೀಸ ಅಂಟಿತ್ತು. ಅದನ್ನು ಕೆರೆದು ತೆಗೆದಿಲ್ಲ, ಹಾಗೇ ಇಟ್ಟುಕೊಂಡಿದ್ದೇನೆ. ಅವತ್ತು ಇನ್ನೇನೂ ಮಾಡಲಿಲ್ಲ. ಅಚ್ಚನ್ನು ಒಲೆಯ ಪಕ್ಕ ನಾಲ್ಕು ಗಂಟೆ ಒಣಗಿಸಿದೆ.

ಮರುದಿನ ಬಿಸಿ ಅಚ್ಚಿಗೆ ಹೊಯ್ದೆ. ಮೊದಲ ಐದಾರು ಗುಂಡಿಗೆ ಮೈಯೆಲ್ಲ ಸುಕ್ಕು. ಅಚ್ಚು ಇನ್ನೂ ಬಿಸಿ ಸಾಲದು ಅಂತ ಅರ್ಥ. ಏಳನೆಯದರಿಂದ ನಯವಾಗಿ ಬರತೊಡಗಿದವು. ಕಲ್ಲು ಬಿಸಿ ಹಿಡಿದುಕೊಳ್ಳುವ ಪರಿ ನೋಡಬೇಕು. ಇಪ್ಪತ್ತೈದು ದಾಟಿದ ಮೇಲೆ ಉಲ್ಟಾ ಸಮಸ್ಯೆ. ಸೀಸ ಗಟ್ಟಿಯಾಗಲು ಒಂದು ನಿಮಿಷ ಕಾಯಬೇಕು, ಗುಂಡಿನ ಮೈ ಇಬ್ಬನಿ ಬಿದ್ದ ಹಾಗೆ ಮಂಕು. ಆಗ ಹತ್ತು ನಿಮಿಷ ವಿರಾಮ. ಆಲಿಕೆಯಲ್ಲಿ ಯಾವಾಗಲೂ ಒಂದಿಷ್ಟು ಸೀಸ ಹೆಚ್ಚಾಗಿ ನಿಲ್ಲಿಸಬೇಕು. ಗಟ್ಟಿಯಾಗುವಾಗ ಸೀಸ ಕುಗ್ಗುತ್ತೆ, ಮೇಲಿಂದ ಎಳೆದುಕೊಳ್ಳಲು ಇಲ್ಲದಿದ್ದರೆ ಗುಂಡಿನ ತಲೆಯಲ್ಲಿ ಹಳ್ಳ. ಕಡ್ಡಿಯನ್ನು ಬಿಸಿ ಇರುವಾಗಲೇ ತಿರುಗಿಸಿ ಎಳೆಯಬೇಕು. ತಣಿದ ಮೇಲೆ ಸೀಸ ಅದನ್ನು ಬಿಡುವುದಿಲ್ಲ. ನಾಲ್ಕು ಕಡ್ಡಿ ಹಾಗೆ ಹೋದವು.

ಬುಲೆಟ್ಟಿನವರು ಬಿಸಿ ಬುಲೆಟ್ಟನ್ನು ಅಚ್ಚಿನಿಂದ ನೇರ ನೀರಿನ ಬಕೆಟ್ಟಿಗೆ ಬೀಳಿಸುತ್ತಾರೆ. ಆಂಟಿಮನಿ ಇರುವ ಸೀಸ ಹಾಗೆ ಮಾಡಿದರೆ ಇನ್ನೂ ಗಡಸಾಗುತ್ತೆ. ನಾನೂ ಬಾಣಲೆಯಿಂದ ದೂರ ಬಕೆಟ್ ಇಟ್ಟು ಹಾಗೇ ಮಾಡಿದೆ. ಯಾಕೆ ಮಾಡಿದೆ ಅಂತ ಕೇಳಬೇಡಿ. ಅವರು ಮಾಡುತ್ತಾರೆ, ನಾನೂ ಮಾಡಿದೆ. ಸಂಜೆಗೆ 64 ಗುಂಡು, ಒಂದೊಂದೂ ಹದಿನೆಂಟೂವರೆ ಗ್ರಾಂ ಆಚೀಚೆ. ಬಾಳೆಎಲೆ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೆದೆ.

ಚಿಕ್ಕಪ್ಪ ಬಂದರು. ಒಂದು ಗುಂಡು ಎತ್ತಿ, ತೂತಿನಲ್ಲಿ ನನ್ನ ಕಡೆ ನೋಡಿದರು. "ಲಾಯ್ಕ್ ಆಯ್ತ್. ಇದನ್ ಹ್ಯಾಂಗ್ ಹಾಕ್ತೆ ಮಾರಾಯಾ? ಹಗ್ಗ ಎಲ್ಲ ಬಿಚ್ಚೂದಾ?"

ನಾನು ಬಾಯಿ ತೆರೆದೆ, ಮುಚ್ಚಿದೆ.

ಅಂಚಿನ ಹಗ್ಗ ಬಲೆಯ ಕಣ್ಣುಗಳಿಗೆ ಸುತ್ತಲೂ ನೂಲಿನಿಂದ ಕಟ್ಟಿಕೊಂಡಿದೆ. ಇರುವ 127 ಗುಂಡುಗಳ ನಡುವೆ ಅಲ್ಲಲ್ಲಿ ಖಾಲಿ ಇದೆ. ಕೊಳವೆಯಂಥ ಗುಂಡು ಪೋಣಿಸಬೇಕೆಂದರೆ ಹತ್ತೊಂಬತ್ತು ಮೀಟರ್ ಹಗ್ಗ ಪೂರ್ತಿ ಬಿಚ್ಚಿ, ಎಲ್ಲ ಗುಂಡು ತೆಗೆದು, ಮತ್ತೆ ಪೋಣಿಸಿ, ಇಡೀ ಅಂಚು ಮತ್ತೆ ಕಟ್ಟಬೇಕು. ಹೊಸ ಬಲೆಗಾದರೆ ಕೊಳವೆ ಸರಿ. ರಿಪೇರಿಗೆ ಅಲ್ಲ. ಅಪ್ಪನ ಗುಂಡು ವಕ್ರವಾಗಿದ್ದದ್ದು ಅದಕ್ಕೇ. ತಗಡನ್ನು ಹಗ್ಗದ ಮೇಲೆ ಇಟ್ಟು ಅಲ್ಲೇ ಸುತ್ತಿ ಮುಚ್ಚಬಹುದು. ದೋಣಿಯಲ್ಲಿ ಕೂತೂ ಮುಚ್ಚಬಹುದು, ಬೇಕಾದರೆ ಹಲ್ಲಲ್ಲಿ.

ಸರಿ, ಕೊಳವೆಯನ್ನು ಉದ್ದಕ್ಕೆ ಸೀಳಿ, ಬಾಯಿ ಬಿಡಿಸಿ, ಹಗ್ಗಕ್ಕೆ ತೊಡಿಸಿ ಒತ್ತೋಣ ಅಂತ ನೋಡಿದೆ. ಪ್ಲೇಯರ್‌ನಲ್ಲಿ ಒತ್ತಿದ ಕೂಡಲೇ ಚಟ್ ಅಂತ ಬಿರಿಯಿತು. ಎರಡನೆಯದೂ ಅಷ್ಟೆ. ಬ್ರಿನೆಲ್ ಅಳತೆಯಲ್ಲಿ ಶುದ್ಧ ಸೀಸದ ಗಡಸು ಸುಮಾರು 5. ಆಂಟಿಮನಿ ಬೆರೆತ ಚಕ್ರದ ತೂಕದ್ದು ಸುಮಾರು 12. ನಾನು ನೀರಿಗೆ ಬೇರೆ ಹಾಕಿ ಅದನ್ನೂ ಮೀರಿಸಿದ್ದೆ. ಬಂದೂಕಿನ ನಳಿಗೆಯಲ್ಲಿ ಉಜ್ಜಿಕೊಂಡು ಹೋಗುವ ಬುಲೆಟ್ಟಿಗೆ ಆ ಗಡಸು ಬೇಕು. ಹಗ್ಗವನ್ನು ತಬ್ಬಿಕೊಂಡು ಕೂರುವ ಗುಂಡಿಗೆ ಮೆತ್ತಗಿನ ಸೀಸ ಬೇಕು. ಅದೇ ಅಮೆರಿಕದವರು ತಣ್ಣಗೆ ಒತ್ತುವ ಕೆಲಸಕ್ಕೆ ಮೆತ್ತನೆ ಸೀಸವನ್ನೇ ಆರಿಸುತ್ತಾರೆ. ಅರ್ಧ ಪಾಠ ಓದಿ ಪರೀಕ್ಷೆಗೆ ಕೂತಿದ್ದೆ ನಾನು.

ಎರಡನೇ ಸುತ್ತು. ಗುಜರಿಯಲ್ಲಿ ಹಳೇ ಕಟ್ಟಡದಿಂದ ಬಂದ ಸೀಸದ ಪೈಪಿನ ತುಂಡು ಸಿಕ್ಕಿತು, ಎರಡು ಕಿಲೋ. ಉಗುರಿನಿಂದ ಗೀರಿದರೆ ಗೆರೆ ಮೂಡುತ್ತಿತ್ತು. ಬಾಗಿಸಿದರೆ ಸದ್ದಿಲ್ಲದೆ ಬಾಗುತ್ತಿತ್ತು. ಕಲ್ಲಿನ ಅಚ್ಚು ಈಗಲೂ ಉಪಯೋಗಕ್ಕೆ ಬಂತು. ಕಡ್ಡಿ ಇಲ್ಲದೆ, ಅದರ ತೂತು ಮುಚ್ಚಿ, 61 ಗಟ್ಟಿ ತುಂಡು ಹೊಯ್ದೆ. ಒಂದೊಂದು 21 ಗ್ರಾಂ ಚಿಲ್ಲರೆ.

ಇನ್ನು ಇವನ್ನು ತಣ್ಣಗೆ ಒತ್ತಿ ದೋಣಿಯ ಆಕಾರಕ್ಕೆ ತರಬೇಕು. ಲೇತ್ ಅಂಗಡಿಯವರಿಗೆ ಚಿತ್ರ ಬರೆದುಕೊಟ್ಟೆ. ಉಕ್ಕಿನ ಕಟ್ಟೆಯಲ್ಲಿ ತಳ ಉರುಟಾದ ಕಾಲುವೆ, ಅಗಲ ಹನ್ನೊಂದು ಮಿಲಿಮೀಟರ್, ಎರಡೂ ತುದಿ ಮುಚ್ಚಿದ್ದು. ಮೇಲಿನಿಂದ ಒಳಗೆ ಕೂರುವ ಒತ್ತುಗಟ್ಟಿ, ಅದರ ಕೆಳಗೆ ನಾಲ್ಕು ಮಿಲಿಮೀಟರ್ ದಪ್ಪದ ಅಲಗು, ಅಂಚು ದುಂಡಗೆ. ಸೀಸದ ತುಂಡನ್ನು ಕಾಲುವೆಯಲ್ಲಿ ಮಲಗಿಸಿ ಒತ್ತಿದರೆ ಅಲಗು ನಡುವೆ ಇಳಿದು ಎರಡು ಬದಿ ಗೋಡೆ ಏಳುತ್ತೆ. ತುದಿಯಲ್ಲಿ ಒಂದೂವರೆ ಮಿಲಿಮೀಟರಿನ ಸಣ್ಣ ತೂತು. ಈ ತೂತಿನ ಉಪಾಯ ಬುಲೆಟ್ಟಿನವರದೇ. ಎರಕದ ತುಂಡುಗಳ ತೂಕ ಒಂದೇ ಸಮ ಇರುವುದಿಲ್ಲ. ಒತ್ತಿದಾಗ ಹೆಚ್ಚಿನ ಸೀಸ ತೂತಿನಿಂದ ಹೊರಗೆ ಹೋಗಿ, ಉಳಿದದ್ದು ಎಲ್ಲ ಒಂದೇ ತೂಕ.

ವೈಸ್‌ನಲ್ಲಿ ಒತ್ತಿದೆ, ಅರ್ಧಕ್ಕೆ ನಿಂತಿತು. ಕಾರಿನ ಎರಡು ಟನ್ ಬಾಟಲ್ ಜಾಕನ್ನು ಆಂಗಲ್ ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸಿದೆ. ತುಂಡಿಗೆ ಬೆರಳ ತುದಿಯಷ್ಟು ಹರಳೆಣ್ಣೆ ಸವರಿದೆ. ಜಾಕಿನ ಹಿಡಿ ನಾಲ್ಕು ಸಲ ಸುಲಭವಾಗಿ ಹೋಯಿತು. ಐದನೆಯದಕ್ಕೆ ಬಿಗಿಯಾಯಿತು. ಆರನೆಯದಕ್ಕೆ ಸಣ್ಣ ತೂತಿನಿಂದ ಸೀಸ ಹೊರಗೆ ಬಂತು, ಥೇಟ್ ಶಾವಿಗೆ ಒತ್ತಿದ ಹಾಗೆ, ಹೊಳೆಯುವ ಒಂದೆಳೆ, ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತಾ. ಉಕ್ಕಿನ ನಡುವೆ ಗಟ್ಟಿ ಲೋಹ ಹಿಟ್ಟಿನ ಹಾಗೆ ಹರಿಯುವುದನ್ನು ನೋಡಿ ನಾನು ಹಿಡಿ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಹಾರುವುದಿಲ್ಲ. ಅಮ್ಮ ಒಳಗಿಂದ ಬಂದು ನೋಡಿ, "ಶಾವಿಗೆಗೆ ಎಳ್ಳು ಕಾಯಿಹಾಲು ಮಾಡ್ಲಾ?" ಅಂದಳು.

ಹೊರಬಂದ ದೋಣಿಗಳು ಎಲ್ಲ 20 ಗ್ರಾಂ, ವ್ಯತ್ಯಾಸ ಕಾಲು ಗ್ರಾಮಿನೊಳಗೆ. ಒಂದಕ್ಕೆ ಮೂರು ನಿಮಿಷ. ಒಂದು ಸಂಜೆ ಮತ್ತು ಅರ್ಧ ಬೆಳಗ್ಗೆಯಲ್ಲಿ 61 ಮುಗಿದವು. ಶಾವಿಗೆ ಎಳೆಗಳನ್ನು ಮತ್ತೆ ಕರಗಿಸಲು ಡಬ್ಬಿಗೆ ಹಾಕಿದೆ.

ಹಗ್ಗಕ್ಕೆ ತೊಡಿಸುವಾಗ ಪ್ಲೇಯರಿನ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಇಲ್ಲದಿದ್ದರೆ ಸೀಸದ ಮೇಲೆ ಹಲ್ಲು ಮೂಡಿ, ಆ ಚೂಪಿಗೆ ಬಲೆಯ ನೂಲು ಸಿಕ್ಕಿಕೊಳ್ಳುತ್ತೆ. ಮೊದಲು ನಡು ಮುಚ್ಚಬೇಕು, ಆಮೇಲೆ ಎರಡು ತುದಿ. ಜಾಸ್ತಿ ಒತ್ತಿದರೆ ಹಗ್ಗದ ಎಳೆ ಕತ್ತರಿಸುತ್ತೆ, ಕಮ್ಮಿ ಒತ್ತಿದರೆ ಜಾರುತ್ತೆ. ಹದ ಕೈಗೆ ಬರಲು ಹತ್ತು ಗುಂಡು ಬೇಕಾಯಿತು. ಇಲಿ ಕಡಿದ ಕಣ್ಣುಗಳನ್ನು ಚಿಕ್ಕಪ್ಪ ಹೆಣೆದುಕೊಟ್ಟರು. ಆ ಕೆಲಸ ನನಗೆ ಬರುವುದಿಲ್ಲ.

ಬಿರಿಯುವ ಗುಂಡುಗಳಲ್ಲಿ ಉಳಿದ 62ನ್ನು ಚಿಕ್ಕಪ್ಪನೇ ಒಯ್ದರು. ಹೊಸ ಬಲೆ ಹೆಣೆಯುತ್ತಿದ್ದಾರೆ, ಅದಕ್ಕೆ ಕೊಳವೆ ಗುಂಡೇ ಬೇಕಂತೆ. ಇನ್ನೂ ನೂರಿಪ್ಪತ್ತು ಬೇಕು ಅಂತ ಹೇಳಿ ಹೋಗಿದ್ದಾರೆ.

ಮೇ ಕೊನೆಯ ವಾರ, ಸಂಜೆ ಇಳಿತದ ಹೊತ್ತಿಗೆ, ಗಂಗೊಳ್ಳಿ ಹತ್ತಿರ ಹಿನ್ನೀರಿಗೆ ಹೋದೆವು. ಮೊದಲ ಬೀಸಿಗೆ ಬಲೆ ಅರ್ಧ ಮಾತ್ರ ಅರಳಿತು. ಅದು ಗುಂಡಿನ ತಪ್ಪಲ್ಲ, ನನ್ನ ಸೊಂಟದ್ದು. ಮೂರನೆಯದು ಚೆನ್ನಾಗಿ ಬಿತ್ತು. ಸುತ್ತಲೂ ಒಂದೇ ಸಲ ಚಳಕ್ ಅಂದಿತು. ಎಳೆದಾಗ ಒಂದು ಸಣ್ಣ ಕಾಣೆ, ಒಂದು ಹಿಡಿ ಸಿಗಡಿ, ಒಂದು ಹಾಲಿನ ಪ್ಯಾಕೆಟ್.

ಮನೆಗೆ ಬಂದು ಎಣಿಸಿದರೆ 187. ನಾನು ಮೊದಮೊದಲು ಮುಚ್ಚಿದ ಹತ್ತರಲ್ಲಿ ಒಂದು ಜಾರಿ ಹೋಗಿತ್ತು. 20 ಗ್ರಾಂ ಸೀಸ ಹೊಳೆಯ ಕೆಸರಿನಲ್ಲಿ. ಇಂಗ್ಲೆಂಡಿನಲ್ಲಿ ಹಂಸಗಳು ಗಾಳದ ಸೀಸ ನುಂಗಿ ಸಾಯುತ್ತಿದ್ದವು ಅಂತ 1987ರಲ್ಲೇ 28 ಗ್ರಾಂವರೆಗಿನ ಸೀಸದ ಗುಂಡು ಮಾರುವುದನ್ನು ನಿಲ್ಲಿಸಿದ್ದಾರೆ. ನನ್ನ ಗುಂಡೂ ಆ ಲೆಕ್ಕದೊಳಗೇ ಬರುತ್ತೆ. ಉಳಿದ ಒಂಬತ್ತನ್ನು ದೀಪದ ಬೆಳಕಲ್ಲಿ ಕೂತು ಮತ್ತೊಮ್ಮೆ ಬಿಗಿ ಮಾಡಿದೆ. ಶಾವಿಗೆ ಡಬ್ಬಿಯಲ್ಲಿ ಇನ್ನೊಂದು ಗುಂಡಿಗೆ ಸಾಕಾಗುವಷ್ಟು ಇದೆ, ಮಳೆ ಬಿಟ್ಟ ದಿನ ಕರಗಿಸಬೇಕು.